ಮೇಯರ್ ಬ್ಲೂಮ್‌ಬರ್ಗ್ ಕತೆ ಪೂರ್ತಿ ಹೇಳಿ

ಸಂಪಾದಕರೇ,

ಉದ್ಯಮಿಗಳು ಬಂದರೆ ನಗರ ಸರಿಹೋಗುತ್ತದೆ ಎನ್ನುವವರು ನ್ಯೂಯಾರ್ಕಿನ ಮೈಕಲ್ ಬ್ಲೂಮ್‌ಬರ್ಗ್ ಹೆಸರು ಹೇಳುತ್ತಾರೆ. 1981ರಲ್ಲಿ ಕೆಲಸ ಹೋದಾಗ ಕೈಗೆ ಬಂದ ಸುಮಾರು ಒಂದು ಕೋಟಿ ಡಾಲರ್‌ನಿಂದ ಕಂಪನಿ ಕಟ್ಟಿ, ಷೇರುಪೇಟೆಯವರಿಗೆ ಮಾಹಿತಿ ಮಾರಿ ಭಾರೀ ಶ್ರೀಮಂತರಾದವರು, 2002ರಿಂದ 12 ವರ್ಷ ಮೇಯರ್ ಆಗಿ ವರ್ಷಕ್ಕೆ ಒಂದೇ ಡಾಲರ್ ಸಂಬಳ ಪಡೆದರು. ತುರ್ತಲ್ಲದ ಎಲ್ಲ ದೂರಿಗೂ 311 ಎಂಬ ಒಂದೇ ನಂಬರ್ ತಂದದ್ದು ನನಗೆ ತುಂಬಾ ಇಷ್ಟ. ಆದರೆ ಎರಡೇ ಅವಧಿ ಎಂಬ ನಿಯಮ ಬದಲಿಸಿ ಮೂರನೇ ಸಲ ನಿಂತದ್ದು ತಪ್ಪು. ಜನರೇ ಮತ ಹಾಕಿ ಮಾಡಿದ ನಿಯಮ ಅಲ್ವಾ ಅದು? ಅವರ ಕಾಲದಲ್ಲಿ ಪೊಲೀಸರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಹುಡುಗರನ್ನೇ ಬೀದಿಯಲ್ಲಿ ತಡೆದು ತಪಾಸಣೆ ಮಾಡುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧ ಎಂದು 2013ರಲ್ಲಿ ಕೋರ್ಟ್ ಹೇಳಿತು. ಬ್ಲೂಮ್‌ಬರ್ಗ್ ಇದಕ್ಕೆ ಕ್ಷಮೆ ಕೇಳಿದ್ದು 2019ರಲ್ಲಿ, ಅಮೆರಿಕದ ಅಧ್ಯಕ್ಷ ಚುನಾವಣೆಗೆ ಇಳಿಯುವ ಹೊತ್ತಿಗೆ.

— ಒಬ್ಬ ಓದುಗ, ಮೈಸೂರು