ನನ್ನ ಕಿವಿ ಸರಿಯಾಗಿದೆ, ಅಪ್ಪನ ಕಿವಿ ತೋರಿಸಿ

ಫೀನಿಕ್ಸ್, ಅರಿಜೋನಾ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ಇಲ್ಲಿ ಎಲ್ಲ ಕ್ಷೇಮ. ಅಲ್ಲೂ ಹಾಗೇ ಅಂದುಕೊಂಡಿದ್ದೇನೆ. ಅಜ್ಜಿಗೆ ನಮಸ್ಕಾರ, ಅಕ್ಕನ ಮಗುವಿಗೆ ಮುತ್ತು.

ನಿನ್ನ ಪತ್ರ ಬಂತು. ಫೋನಲ್ಲಿ ಹೇಳಿದರೆ ಮಾತು ತೇಲಿಸಿಬಿಡ್ತೀಯ ಅಂತ ಬರೆದು ಕಳಿಸಿದ್ದೀಯಲ್ಲ, ಅದಕ್ಕೇ ನಾನೂ ಬರೆದೇ ಉತ್ತರ ಕೊಡುತ್ತಿದ್ದೇನೆ. ವಿಮಾನದಲ್ಲಿ ರೇಡಿಯೋ ಕೇಳಲು ಕಿವಿಯೊಳಗೆ ಹಾಕುವ ಹೊಸ ಹೆಡ್‌ಸೆಟ್ ತೆಗೆದುಕೊಂಡೆ ಅಂದದ್ದಕ್ಕೆ ಪತ್ರದ ತುಂಬ ನನ್ನ ಕಿವಿಯದೇ ಚಿಂತೆ. ಮಾವ ಬಂದು ಕಾಫಿ ಕುಡಿದು, ಏನೋ ಹೇಳಿ ಎದ್ದು ಹೋಗಿದ್ದಾರೆ. ನೀನು ನಿದ್ದೆ ಕೆಡಿಸಿಕೊಂಡಿದ್ದೀಯ. "ಕಿವಿಯೊಳಗೆ ಬಿರಡೆ ತುರುಕಿಕೊಂಡು ವಿಮಾನ ಓಡಿಸಿದರೆ ಮೂವತ್ತಕ್ಕೇ ಕಿವುಡು, ಆಮೇಲೆ ಯಾರು ಕಟ್ಟಿಕೊಳ್ತಾರೆ?" ಇದು ಮಾವನ ಮಾತೋ ನಿನ್ನದೋ ಗೊತ್ತಾಗಲಿಲ್ಲ. ಇರಲಿ, ಮದುವೆ ವಿಷಯ ಇನ್ನೊಂದು ಪತ್ರಕ್ಕೆ.

ಮಾವ ಹೇಳಿದ್ದಕ್ಕೂ ನಿಜಕ್ಕೂ ಪೂರ್ತಿ ಉಲ್ಟಾ. ನಾನು ಹಾರಾಟ ಕಲಿಸುವ ಸೆಸ್ನಾ 172 ಅನ್ನುವ ಪುಟ್ಟ ವಿಮಾನದಲ್ಲಿ ಎಂಜಿನ್ ನಮ್ಮ ಕಾಲಿನ ಮುಂದೆಯೇ ಇರುತ್ತದೆ. ಹಾರುವಾಗ ಒಳಗೆ ಸದ್ದು ಸುಮಾರು 90 ಡೆಸಿಬಲ್. ಇಲ್ಲಿನ ನಿಯೋಶ್ ಅನ್ನುವ ಸರ್ಕಾರಿ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಕಿವಿಯಲ್ಲಿ ಬಿರಡೆ ಇಲ್ಲದಿದ್ದರೇ ಅಮ್ಮ, ಕಿವಿ ಹೋಗುವುದು.

ಇನ್ನು ದುಡ್ಡಿನ ವಿಷಯ. ಲೋನ್ ಕಂತು ಇರುವಾಗ ಹೊಸ ಹೆಡ್‌ಸೆಟ್ ಯಾಕೆ, ಶಾಲೆಯದೇ ಇದೆಯಲ್ಲ ಅಂತ ಕೇಳಿದ್ದೀಯ. ಇದೆ. ಕಿವಿ ಮುಚ್ಚುವ ಹಸಿರು ಡಬ್ಬಿಗಳದು, ಡೇವಿಡ್ ಕ್ಲಾರ್ಕ್ ಕಂಪನಿಯದು. ಗಟ್ಟಿ ಮಾಲು, ಬೀಳಿಸಿದರೂ ಏನೂ ಆಗಲ್ಲ, ಅಪ್ಪ ನೋಡಿದರೆ ಖುಷಿಪಡುತ್ತಾರೆ. ಆದರೆ ಅದು ತಲೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿದರೆ ಮಾತ್ರ ಸದ್ದು ನಿಲ್ಲುತ್ತದೆ. ಕನ್ನಡಕದ ಕಡ್ಡಿ ಕುಶನ್ ಕೆಳಗೆ ಸಿಕ್ಕಿ ಚರ್ಮದ ಮೇಲೆ ಗೆರೆ ಬೀಳುತ್ತದೆ, ಅದೇ ಸಂದಿಯಿಂದ ಸದ್ದೂ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆತ್ತಿ ಮುಟ್ಟಿದರೆ ನೋವು. ಇಲ್ಲಿ ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಮಾಮೂಲಿ. ಸೀಟ್ ಬೆಲ್ಟಿನ ಬಕಲ್ ಮುಟ್ಟಿದರೆ ಚುರ್ ಅನ್ನುತ್ತದೆ. ಅದರಲ್ಲಿ ಹಿಂದಿನ ಸ್ಟೂಡೆಂಟಿನ ಬೆವರು ಇನ್ನೂ ಆರದ ಕುಶನ್ ನನ್ನ ಕಿವಿಗೆ. ಕಲಿಯುವಾಗ ದಿನಕ್ಕೊಂದು ಗಂಟೆ ಹಾರಾಟ, ತಡೆದುಕೊಂಡೆ. ಈಗ ಇನ್‌ಸ್ಟ್ರಕ್ಟರ್, ಬೆಳಗಿನಿಂದ ಒಬ್ಬರಾದ ಮೇಲೆ ಒಬ್ಬರು.

ಎಲ್ಲರೂ ಆಸೆಪಡುವುದು ಬೋಸ್ ಹೆಡ್‌ಸೆಟ್‌ಗೆ. ಅದರೊಳಗೆ ಮೈಕ್ ಇರುತ್ತದೆ. ಎಂಜಿನ್ ಸದ್ದನ್ನು ಕೇಳಿಸಿಕೊಂಡು ಅದಕ್ಕೆ ಎದುರಾದ ಸದ್ದನ್ನು ಹುಟ್ಟಿಸಿ ಎರಡನ್ನೂ ಅಡಗಿಸಿಬಿಡುತ್ತದೆ. ಇದನ್ನು ಅಪ್ಪನಿಗೆ ಓದಿ ಹೇಳು: ಆ ಕಂಪನಿ ಕಟ್ಟಿದ ಅಮರ್ ಬೋಸ್ ಅವರ ತಂದೆ ಬಂಗಾಳದವರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವ ವಿಮಾನದಲ್ಲಿ ಕೂತು, ಹೆಡ್‌ಫೋನಿನಲ್ಲಿ ಎಂಜಿನ್ ಗಲಾಟೆ ತಡೆಯಲಾರದೆ, ಅಲ್ಲೇ ಲೆಕ್ಕ ಹಾಕಲು ಶುರುಮಾಡಿದರಂತೆ. ಪೈಲಟ್‌ಗಳ ಕೈಗೆ ಅದು ಮಾರಾಟಕ್ಕೆ ಬಂದದ್ದು 1989ರಲ್ಲಿ. ಒಳ್ಳೇ ಸಾಮಾನೇ, ಇಲ್ಲ ಅನ್ನಲ್ಲ. ಆದರೆ ಸಾವಿರ ಡಾಲರ್ ದಾಟುತ್ತದೆ, ಅಂದರೆ ಲಕ್ಷದ ಹತ್ತಿರ. ಬ್ಯಾಟರಿ ಬೇರೆ ಬೇಕು. ತೂಕವೂ ಕಮ್ಮಿ ಇಲ್ಲ, ಅವರ ಎ30 ಅನ್ನುವುದು 400 ಗ್ರಾಂ.

ಹಾಗಾಗಿ ನಾನು ಕಿವಿಯೊಳಗೆ ಹಾಕುವ ತರದ್ದನ್ನು ನೋಡಿದೆ. ಕ್ಲಾರಿಟಿ ಅಲಾಫ್ಟ್, ಕ್ಯೂಟಿ ಹೇಲೋ, ಫಾರೋ, ಹೀಗೆ ಕೆಲವೇ ಕಂಪನಿಗಳವು. ತೂಕ 50 ಗ್ರಾಂ ಆಸುಪಾಸು. ನೆತ್ತಿ ಮೇಲೆ ಏನೂ ಒತ್ತಲ್ಲ, ಬರೀ ಒಂದು ತೆಳು ತಂತಿ ಕಿವಿ ಮೇಲೆ ಕೂರುತ್ತದೆ. ಅದಕ್ಕೆ ಸಣ್ಣ ಪ್ಲಾಸ್ಟಿಕ್ ನಳಿಕೆ, ನಳಿಕೆ ತುದಿಗೆ ಸ್ಪಂಜು. ಸ್ಪಂಜು ಸದ್ದು ತಡೆಯುತ್ತದೆ, ನಳಿಕೆಯಲ್ಲಿ ಮಾತು ಬರುತ್ತದೆ, ಅಷ್ಟೇ. ಬ್ಯಾಟರಿ ಇಲ್ಲ, ಕೆಡುವುದೂ ಕಮ್ಮಿ. ಬೋಸ್‌ನ ಅರ್ಧ ಬೆಲೆಯೂ ಆಗಲಿಲ್ಲ. ಗೆಳತಿಯ ಹತ್ತಿರ ಇಸಕೊಂಡು ಒಂದಿಡೀ ದಿನ ಹಾಕಿ ನೋಡಿ, ಆಮೇಲೆ ತೆಗೆದುಕೊಂಡೆ. ಅಂಗಡಿಯಲ್ಲಿ ಐದು ನಿಮಿಷ ಹಾಕಿದರೆ ಎಲ್ಲ ಹೆಡ್‌ಸೆಟ್ಟೂ ಹಾಯಾಗಿಯೇ ಇರುತ್ತದೆ. ಮೂರನೇ ಗಂಟೆಯಲ್ಲಿ ಗೊತ್ತಾಗುವುದು.

ಹಾಕಿಕೊಳ್ಳುವುದಕ್ಕೆ ಮಾತ್ರ ತಾಳ್ಮೆ ಬೇಕು. ಸ್ಪಂಜನ್ನು ಬೆರಳ ತುದಿಯಲ್ಲಿ, ನೀನು ದೀಪಕ್ಕೆ ಬತ್ತಿ ಹೊಸೆಯುತ್ತೀಯಲ್ಲ ಹಾಗೆ, ಹೊಸೆದು ಸಣ್ಣಗೆ ಮಾಡಬೇಕು. ಎಡಗೈಯನ್ನು ತಲೆ ಹಿಂದಿನಿಂದ ತಂದು ಬಲಗಿವಿ ಹಿಡಿದು ಮೇಲಕ್ಕೆಳೆಯಬೇಕು, ಆಗ ಒಳದಾರಿ ನೆಟ್ಟಗಾಗುತ್ತದೆ. ಸ್ಪಂಜು ಒಳಗಿಟ್ಟು, ಅದು ಉಬ್ಬುವವರೆಗೂ ಬೆರಳಿಂದ ಹಿಡಿದಿರಬೇಕು. ನಿಧಾನವಾಗಿ ಸುತ್ತಲಿನ ಸದ್ದು ದೂರ ಹೋಗುತ್ತದೆ. ಸುಮ್ನೆ ಅರ್ಧಂಬರ್ಧ ಸಿಕ್ಕಿಸಿದರೆ ಏನೂ ಪ್ರಯೋಜನವಿಲ್ಲ. ಸೈಜೂ ಸರಿಯಾಗಿರಬೇಕು, ನನ್ನ ಕಿವಿಗೆ ಸಣ್ಣದೇ ಆಗುವುದು. ತಮಟೆಯವರೆಗೆ ಹೋಗುತ್ತದಾ ಅಂತ ಕೇಳಿದ್ದೀಯ. ಇಲ್ಲಮ್ಮ, ಅದಕ್ಕಿಂತ ಎಷ್ಟೋ ಮುಂಚೆಯೇ ನಿಲ್ಲುತ್ತದೆ.

ತೊಂದರೆಯೇ ಇಲ್ಲ ಅಂತಲ್ಲ. ಕಿವಿ ಮುಚ್ಚಿರುವುದರಿಂದ ನನ್ನ ಸದ್ದೇ ನನಗೆ ದೊಡ್ಡದಾಗಿ ಕೇಳುತ್ತದೆ. ನೀನು ಕಳಿಸಿದ ಕೋಡುಬಳೆ ಕಚ್ಚಿದೆ ನೋಡು, ಏರ್‌ಪೋರ್ಟಿನ ಕಂಟ್ರೋಲ್ ಟವರಿನವರು ರೇಡಿಯೋದಲ್ಲಿ ಏನಂದರು ಅಂತಲೇ ತಿಳಿಯಲಿಲ್ಲ, ಮತ್ತೆ ಕೇಳಬೇಕಾಯಿತು. ಗುಗ್ಗೆ ಅಂಟಿದರೆ ಸ್ಪಂಜು ಬದಲಾಯಿಸಬೇಕು. ಕೆಳಗಿಳಿಯುವಾಗ ಗಾಳಿಯ ಒತ್ತಡ ಬದಲಾಗುತ್ತದೆ, ಕಿವಿ ಬಿಗಿದರೆ ಸ್ಪಂಜನ್ನು ಒಂಚೂರು ಸಡಿಲ ಮಾಡಿಕೊಳ್ಳುತ್ತೇನೆ. ನೆಗಡಿಯಾದರೆ ಹಾರುವುದೇ ಇಲ್ಲ. ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೋ ಅಂದಿದ್ದೀಯ, ದಯವಿಟ್ಟು ಬೇಡ. ಎಣ್ಣೆ ಕಿವಿಯಲ್ಲಿ ಸ್ಪಂಜು ನಿಲ್ಲಲ್ಲ.

ಇದು ಸ್ಟೈಲಿಗೆ ಅಂತಲೂ ಅಂದುಕೊಳ್ಳಬೇಡ. ನಾವು ಹಾರುವ ಡಿಯರ್ ವ್ಯಾಲಿ ಏರ್‌ಪೋರ್ಟಿನಲ್ಲಿ ಏರ್‌ಲೈನ್ ವಿಮಾನವೇ ಬರಲ್ಲ, ಎಲ್ಲ ನಮ್ಮಂಥ ಪುಟ್ಟ ವಿಮಾನಗಳು. ಆದರೂ ರೇಡಿಯೋದಲ್ಲಿ ಉಸಿರು ಬಿಡಲು ಸಂದಿ ಇರಲ್ಲ. ಅಕ್ಕಪಕ್ಕ ಎರಡು ರನ್‌ವೇ, 25 ಲೆಫ್ಟ್, 25 ರೈಟ್. ಯಾವುದು ಹೇಳಿದರು ಅನ್ನುವುದು ತಪ್ಪಾಗಿ ಕೇಳಿಸಿದರೆ ಆಟವಲ್ಲ. ಇನ್ನೊಂದು ವಿಷಯ ಕೇಳಿದರೆ ನೀನೇ ನನ್ನ ಕಡೆಗೆ ಬರುತ್ತೀಯ. ದೊಡ್ಡ ಹೆಡ್‌ಸೆಟ್ ಓಲೆಯ ಮೇಲೆ ಒತ್ತುತ್ತದೆ, ಅದಕ್ಕೇ ಇಷ್ಟು ದಿನ ಬರಿಗಿವಿ. ಈಗ ನೀನು ಕೊಟ್ಟ ಬೆಂಡೋಲೆ ಹಾಕಿಕೊಂಡೇ ಹಾರುತ್ತೇನೆ. ಅಮೆರಿಕದವರು ಕೇಳುತ್ತಾರೆ, ಇದೇನು ಚಿನ್ನವಾ ಅಂತ. ಹೌದು, ನಮ್ಮಮ್ಮ ಕೊಟ್ಟಿದ್ದು ಅನ್ನುತ್ತೇನೆ.

ನನ್ನ ಕಿವಿಗೆ ಏನೂ ಆಗಿಲ್ಲ. ನಿಜವಾಗಿ ಏನೂ ಆಗಿಲ್ಲ. ಬೆಂಗಳೂರಿನ ವಿಮಾನಪುರದಲ್ಲಿ, ಪೈಲಟ್‌ಗಳ ಆರೋಗ್ಯ ಪರೀಕ್ಷೆ ಮಾಡುವ ಐಎಎಮ್‌ನಲ್ಲಿ, ಮೆಡಿಕಲ್ ಮಾಡಿಸಿದಾಗ ನೀನೇ ಹೊರಗೆ ಕಾಯುತ್ತಾ ಕೂತಿದ್ದೆ. ಸದ್ದೇ ಬರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಪೀ ಅಂದಾಗಲೆಲ್ಲ ಗುಂಡಿ ಒತ್ತಿಸಿದರು. ಅದೇ ಪರೀಕ್ಷೆ ಇಲ್ಲೂ ಮಾಡಿಸಿದೆ. ಪರೀಕ್ಷೆಯ ಚೀಟಿಯಲ್ಲಿ ಗೆರೆ ಹಾಗೇ ಇದೆ, ಒಂಚೂರೂ ಇಳಿದಿಲ್ಲ. ಬೇಕಾದರೆ ಚೀಟಿಯ ಫೋಟೋ ಅಕ್ಕನಿಗೆ ಕಳಿಸುತ್ತೇನೆ. ಸಾಕಾ?

ಈಗ ನನ್ನ ಸರದಿ. ಅಷ್ಟುದ್ದ ಪತ್ರದಲ್ಲಿ ಕೊನೆಗೆ, ಸಹಿಯ ಪಕ್ಕ, ಎರಡೇ ಸಾಲು ಬರೆದಿದ್ದೀಯ. "ಅಪ್ಪ ಮೊನ್ನೆ ಕಾರ್ಡ್ ರೋಡ್ ದಾಟುವಾಗ ಆಟೋ ಹಾರ್ನ್ ಕೇಳಲಿಲ್ಲವಂತೆ. ಯಾರೋ ಹುಡುಗ ಕೈ ಹಿಡಿದು ಎಳೆದ. ಏನೂ ಆಗಿಲ್ಲ." ಏನೂ ಆಗಿಲ್ಲ ಅಂತ ಬರೆದರೆ ಮುಗಿಯಿತಾ? ನಾನು ಈ ಎರಡು ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ಆ ಹುಡುಗ ಅಲ್ಲಿ ಇಲ್ಲದಿದ್ದರೆ?

ಸೊಪ್ಪು ತನ್ನಿ ಅಂದರೆ ಉಪ್ಪು ತಂದರು ಅಂತ ಅಕ್ಕ ನಗುತ್ತಾ ಹೇಳಿದಳು. ನಗುವಂಥದ್ದಲ್ಲ ಅದು. ಸದ್ದಿನಿಂದ ಕಿವಿ ಹೋಗುವಾಗ ಮೊದಲು ಹೋಗುವುದು ತೆಳುವಾದ, ಮೇಲಿನ ಸ್ವರದ ಸದ್ದುಗಳು. ಸ, ಶ, ತ ಇಂಥವು. ದಪ್ಪ ಸದ್ದು ಉಳಿದುಕೊಳ್ಳುತ್ತದೆ. ಅದಕ್ಕೇ ಅಪ್ಪನಿಗೆ ಯಾರೋ ಮಾತಾಡಿದ್ದು ಕೇಳುತ್ತದೆ, ಏನು ಅಂದರು ಅಂತ ತಿಳಿಯಲ್ಲ. ನೀವು ಕಿರುಚಿದರೂ ಅಷ್ಟೇ, ದಪ್ಪ ಸದ್ದೇ ಇನ್ನೂ ಜೋರಾಗುತ್ತದೆ. ಅವರು ಬೇಕಂತ ಕೇಳಿಸದ ಹಾಗೆ ಇರುತ್ತಾರೆ ಅಂತ ನೀನು ರೇಗುವುದನ್ನು ಮೊದಲು ಬಿಡು.

ಪೀಣ್ಯದ ಫ್ಯಾಕ್ಟರಿಯ ಆ ಪ್ರೆಸ್ ಶಾಪಿನಲ್ಲಿ, ತಗಡು ಒತ್ತುವ ಮಿಷನ್‌ಗಳ ಸದ್ದಿನಲ್ಲಿ, ಅಪ್ಪ ಅಷ್ಟು ವರ್ಷ ನಿಂತರಲ್ಲ, ಕಿವಿಗೆ ಒಂದು ಚೂರು ಹತ್ತಿ ಬಿಟ್ಟರೆ ಯಾರೂ ಏನೂ ಕೊಡಲಿಲ್ಲ. ಹತ್ತಿ ಸದ್ದನ್ನು ತಡೆಯುವುದೇ ಇಲ್ಲ ಅನ್ನಬಹುದು. ಒಳಗಿವಿಯಲ್ಲಿ ಕೂದಲಿನಂಥ ಸಣ್ಣ ಸಣ್ಣ ಕೋಶಗಳಿರುತ್ತವೆ, ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಸ್ಪಂಜು ಹೊಸೆಯುವಾಗೆಲ್ಲ ಇದು ನೆನಪಾಗಿ ಸಿಟ್ಟು ಬರುತ್ತದೆ. ಎರಡು ರೂಪಾಯಿ ಸ್ಪಂಜು ಅಮ್ಮ.

ಈಗ ಮಾಡಬೇಕಾದ್ದು ಹೇಳುತ್ತೇನೆ, ಮಾವನನ್ನು ಕೇಳಬೇಡ. ಆನ್‌ಲೈನ್‌ನಲ್ಲಿ ಅಗ್ಗದ ಕಿವಿ ಮಿಷನ್ ತರಿಸೋಣ ಅಂದಿದ್ದಾರಂತೆ. ಬೇಡವೇ ಬೇಡ. ಪರೀಕ್ಷೆ ಮಾಡದೆ ಎಲ್ಲ ಸದ್ದನ್ನೂ ಜೋರು ಮಾಡಿದರೆ ಉಳಿದಿರುವ ಕಿವಿಯೂ ಹೋಗುತ್ತದೆ. ಮೈಸೂರಿಗೆ ಕರೆದುಕೊಂಡು ಹೋಗು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, 1965ರಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಮಹಾಲಕ್ಷ್ಮಿಯಲ್ಲಿ ಮೆಟ್ರೋ ಹತ್ತಿದರೆ ಸೀದಾ ಮೆಜೆಸ್ಟಿಕ್, ಎದುರಿಗೇ ರೈಲು. ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಇದ್ದರಾಯಿತು. ಮೊದಲು ಗುಗ್ಗೆ ಇದೆಯಾ ನೋಡುತ್ತಾರೆ, ಆಮೇಲೆ ಆಡಿಯೋಗ್ರಾಂ, ಅಂದರೆ ನನಗೆ ಮಾಡಿದ ಅದೇ ಪೀ ಪರೀಕ್ಷೆ. ಎರಡೂ ಕಿವಿಗೆ ಮಿಷನ್ ಬೇಕು ಅಂದರೆ ಎರಡಕ್ಕೂ ಹಾಕಿಸು, ಒಂದು ಸಾಕು ಅಂತ ಅಪ್ಪ ಚೌಕಾಸಿ ಮಾಡುತ್ತಾರೆ, ಬಿಡಬೇಡ. ಹೊಸದರಲ್ಲಿ ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಾರೆ. ಕೆಲವು ವಾರ ಹಾಕಿಕೊಂಡರೆ ಒಗ್ಗುತ್ತದೆ. ಡ್ರಾಯರಿಗೆ ಸೇರಿಸಿಬಿಡುವುದು ಆ ವಾರಗಳಲ್ಲೇ, ಹುಷಾರು. ಅಲ್ಲಿಯವರೆಗೆ ಸ್ಕೂಟರ್ ಕೀಯಿಂದ ಕಿವಿ ಕೆರೆದುಕೊಳ್ಳುವುದನ್ನು ನಿಲ್ಲಿಸಲು ಹೇಳು.

ಮುದುಕನ ಹಾಗೆ ಕಾಣ್ತೀನಿ ಅನ್ನುತ್ತಾರೆ, ಗೊತ್ತು. ಮಗಳು ದಿನವಿಡೀ ಎರಡೂ ಕಿವಿಗೆ ಹಾಕಿಕೊಂಡಿರುತ್ತಾಳೆ, ನಿಮ್ಮದು ಅದಕ್ಕಿಂತ ಸಣ್ಣದು ಅಂತ ಹೇಳು. ಕೇಳದಿದ್ದರೆ ವೀಡಿಯೋ ಕಾಲ್ ಮಾಡು, ನಾನು ಹಾಕಿಕೊಂಡೇ ಮಾತಾಡುತ್ತೇನೆ. ಹೊತ್ತು ಲೆಕ್ಕ ಹಾಕಲು ಕಷ್ಟವಿಲ್ಲ. ಅಮೆರಿಕದ ಹೆಚ್ಚಿನ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ, ನಮ್ಮ ಫೀನಿಕ್ಸಿನ ಜನ ಜಪ್ಪಯ್ಯ ಅಂದರೂ ತಿರುಗಿಸಲ್ಲ. ಇಲ್ಲಿಗೂ ನಿಮಗೂ ಯಾವಾಗಲೂ 12 ಗಂಟೆ 30 ನಿಮಿಷವೇ ವ್ಯತ್ಯಾಸ.

ದುಡ್ಡಿಗೆ ಯೋಚಿಸಬೇಡ. ಬೋಸ್ ತೆಗೆದುಕೊಳ್ಳದೆ ಉಳಿದದ್ದಕ್ಕೆ ಇನ್ನೊಂದಿಷ್ಟು ಸೇರಿಸಿ ಅಕ್ಕನ ಅಕೌಂಟಿಗೆ ಹಾಕಿದ್ದೇನೆ. ಅದು ಲೋನ್ ಕಂತಿಗಲ್ಲ, ಕಂತು ಬೇರೆ ಬರುತ್ತದೆ. ಅಪ್ಪನಿಗೆ ಮೊತ್ತ ಹೇಳಬೇಡ, ಸರ್ಕಾರದವರು ಕಮ್ಮಿಗೆ ಕೊಟ್ಟರು ಅನ್ನು. ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ, ಅಕ್ಕಿ, ಬೇಳೆ, ಸಾರಿನ ಪುಡಿ ಎಲ್ಲ ಇದೆ, ನಿದ್ದೆಯೂ ಆಗುತ್ತಿದೆ, ಆರೋಗ್ಯವಾಗಿದ್ದೇನೆ, ಏನೇನೂ ಚಿಂತೆ ಬೇಡ.

ಬೆಳಗ್ಗೆ 5ಕ್ಕೆ ಹಾರಾಟ, ಬಿಸಿಲೇರುವ ಮುಂಚೆ ಮುಗಿಸಬೇಕು. ಮಲಗುತ್ತೇನೆ. ಮೈಸೂರಿಗೆ ಯಾವತ್ತು ಹೊರಡುತ್ತೀರಿ ಅಂತ ಇದೇ ವಾರ ತಿಳಿಸು. ಅಲ್ಲಿಯವರೆಗೆ ಕಾರ್ಡ್ ರೋಡ್ ಕಡೆಗೆ ಅವರೊಬ್ಬರನ್ನೇ ಕಳಿಸಬೇಡ.

ನಿನ್ನ
ಪುಟ್ಟಿ