ಲೈಕು ಎಣಿಸುತ್ತಾ ಬೇಸತ್ತ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಕಾಗದವನ್ನೂ ಲೇಖನಗಳನ್ನೂ ಓದಿದೆ. ಶೀರ್ಷಿಕೆ, ಪ್ಯಾರಾ, ಕಾಗುಣಿತದ ಬಗ್ಗೆ ಏನೇನೋ ಕೇಳಿದ್ದೀಯ. ಅವನ್ನೆಲ್ಲ ಯಾವ ಒಳ್ಳೆಯ ಸಂಪಾದಕರಾದರೂ ತಿದ್ದಿಕೊಡುತ್ತಾರೆ, ಬಿಡು. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, ಕಷ್ಟಪಟ್ಟು ಬರೆದದ್ದನ್ನು ಯಾರೂ ಕೇಳಲಿಲ್ಲ, ಸಿಟ್ಟಿನಲ್ಲಿ ಗೀಚಿದ್ದು ಎಲ್ಲೆಡೆ ಹಬ್ಬಿತು, ಹಾಗಾದರೆ ನನಗೆ ಒಲಿದದ್ದು ಸಿಟ್ಟೊಂದೇ ಏನೋ ಅಂತ. ಅದನ್ನು ಓದಿ ಸಂಕಟವಾಯಿತು.

ನಿನ್ನ ಬರಹಕ್ಕೆ ಬೆಲೆ ಕಟ್ಟಿದವರು ಓದುಗರು ಎಂದು ನಂಬಿದ್ದೀಯ. ಓದುಗರ ಕಣ್ಣಿಗೆ ಬೀಳುವ ಮೊದಲೇ, ಯಾರಿಗೆ ಏನು ತೋರಿಸಬೇಕೆಂದು ಆರಿಸುವ ಜಾಲತಾಣದ ಯಂತ್ರ ಅದನ್ನು ತೂಗಿ ಆಗಿರುತ್ತದೆ ಕಣೋ. ಟ್ವಿಟರ್ 2023ರ ಮಾರ್ಚ್‌ನಲ್ಲಿ ತನ್ನ ಶಿಫಾರಸು ವ್ಯವಸ್ಥೆಯ ಕೋಡನ್ನು ಬಹಿರಂಗಪಡಿಸಿತು. ಆಗ ಹೊರಬಿದ್ದ ತೂಕಗಳಲ್ಲಿ ಲೈಕಿಗೆ 0.5, ರೀಟ್ವೀಟಿಗೆ 1, ಉತ್ತರಕ್ಕೆ 13.5. ಆ ಉತ್ತರಕ್ಕೆ ಮೂಲ ಟ್ವೀಟ್ ಬರೆದವನೇ ಸ್ಪಂದಿಸಿದರೆ 75. ಓದುಗ ಹೀಗೆ ಮಾಡುವ ಸಾಧ್ಯತೆ ಎಷ್ಟೆಂದು ಅಂದಾಜಿಸಿ, ಈ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ ಯಾವುದು ಮೇಲೆ ಬರಬೇಕೆಂದು ಯಂತ್ರ ತೀರ್ಮಾನಿಸುತ್ತಿತ್ತು. ಮೆಚ್ಚಿ ಹೋದವನಿಗಿಂತ ವಾದಕ್ಕೆ ನಿಂತವನಿಗೆ 27 ಪಟ್ಟು ಬೆಲೆ! ಫೇಸ್‌ಬುಕ್ ಕೂಡ 2017ರಲ್ಲಿ ಕೋಪದ ಮುಖದ ಇಮೋಜಿಗೆ ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು. ಅದನ್ನು ಇಳಿಸುತ್ತಾ ಸೊನ್ನೆಗೆ ತಂದದ್ದು 2020ರಲ್ಲಿ. ಅಷ್ಟು ವರ್ಷ ಸಾರ್ವಜನಿಕ ಚರ್ಚೆ ಕೆಟ್ಟದ್ದಕ್ಕೆ ಬರೀ ಜನರನ್ನು ಬೈದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಇದು ನಿನ್ನ ವಾಕ್ಯದೊಳಗೆ ಹೇಗೆ ನುಗ್ಗಿದೆ ನೋಡು. ಗ್ರಂಥಾಲಯದ ಬಗ್ಗೆ ನೀನು ಬರೆದ ಲೇಖನ "ಈಗಿನವರಿಗೆ ಓದೇ ಬೇಡ" ಎಂದು ಶುರುವಾಗುತ್ತದೆ. ಐದನೇ ಪ್ಯಾರಾದಲ್ಲಿ ನೀನೇ ಬರೆದಿದ್ದೀಯ: ಓದುವ ಹುಡುಗರಿದ್ದಾರೆ, ಸಂಜೆ ಕೂರಲು ಅವರಿಗೆ ಜಾಗವಿಲ್ಲ. ನೀನು ಕಣ್ಣಾರೆ ಕಂಡದ್ದು ಈ ಎರಡನೆಯದನ್ನು. ಮೊದಲನೆಯದು ಪರದೆ ಜಾರಿಸುತ್ತಾ ಹೋಗುವ ಹೆಬ್ಬೆರಳನ್ನು ನಿಲ್ಲಿಸುವುದಕ್ಕೆ ಇಟ್ಟ ಸಾಲು. ಫೋನಿನ ಪರದೆಯಲ್ಲಿ ಮೊದಲ ಕೆಲವು ಸಾಲು ಕಾಣುತ್ತವೆ, ಉಳಿದದ್ದು "ಇನ್ನಷ್ಟು ನೋಡಿ" ಎಂಬುದರ ಹಿಂದೆ ಉಳಿಯುತ್ತದೆ. ಹಾಗಾಗಿ ಕಾಮೆಂಟುಗಳಲ್ಲಿ ಜಗಳ ನಡೆದದ್ದು ನೀನು ನಂಬದ ಸಾಲಿನ ಮೇಲೆ. "ಕೆಲವರು", "ಬಹುಶಃ", "ಆದರೆ" ಎಂಬ ಮಾತುಗಳು ನಿನ್ನ ಬರಹದಿಂದ ಒಂದೊಂದಾಗಿ ಕಾಣೆಯಾಗಿವೆ. ಪ್ರಾಮಾಣಿಕತೆ ಉಳಿಯುವುದೇ ಆ ಮಾತುಗಳಲ್ಲಿ, ತಮ್ಮಾ.

ಇನ್ನು ಕಾಮೆಂಟ್ ಹಾಕುವವರೇ ಸಮಾಜ ಅಂದುಕೊಳ್ಳಬೇಡ. ಅಮೆರಿಕದ ವಯಸ್ಕ ಬಳಕೆದಾರರ ಟ್ವೀಟ್‌ಗಳಲ್ಲಿ ಶೇ. 80ರಷ್ಟನ್ನು ಬರೆಯುತ್ತಿದ್ದವರು ಶೇ. 10ರಷ್ಟು ಜನ ಮಾತ್ರ ಎಂದು ಅಲ್ಲಿನ ಸಮೀಕ್ಷಾ ಸಂಸ್ಥೆ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ತೋರಿಸಿತು. ಮಿಕ್ಕವರು ಹೆಚ್ಚಾಗಿ ಓದಿ ಸುಮ್ಮನಿರುತ್ತಾರೆ. ನೀನು ಬರೆಯಬೇಕಾದದ್ದು ಅವರಿಗೆ.

ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಆ್ಯಪ್‌ನ ಚೌಕದೊಳಗೆ ಬರೆಯಲೇಬೇಡ. ಬೇರೆ ಕಡೆ ಬರೆದು ಒಂದು ರಾತ್ರಿ ಬಿಟ್ಟು ಓದು. ಮೊದಲ ಎರಡು ವಾಕ್ಯ ಮುಚ್ಚಿ ಮೂರನೆಯದರಿಂದ ಓದಿನೋಡು. ಅರ್ಥ ಕೆಡದಿದ್ದರೆ ಆ ಎರಡು ಗಾಳಕ್ಕೆ ಇಟ್ಟದ್ದು, ತೆಗೆದುಹಾಕು. ಪ್ರತಿ ವಾಕ್ಯದ ಸ್ಕ್ರೀನ್‌ಶಾಟ್ ಒಂಟಿಯಾಗಿ ಅಪರಿಚಿತರ ಕೈಗೆ ಹೋದರೆ ಏನಾಗುತ್ತದೆಂದು ಯೋಚಿಸು. ಅದಕ್ಕಾಗಿ ಮಾತನ್ನು ಮೊಂಡು ಮಾಡಬೇಡ, ಷರತ್ತನ್ನು ಮುಂದಿನ ವಾಕ್ಯಕ್ಕೆ ತಳ್ಳದೆ ಅದೇ ವಾಕ್ಯದಲ್ಲಿ ಇಡು. ಯಾರನ್ನಾದರೂ ಒಪ್ಪದಿದ್ದರೆ ಅವರ ಪೋಸ್ಟನ್ನೇ ಎತ್ತಿ ಹಂಚಬೇಡ, ನಿನ್ನ ಸಿಟ್ಟೇ ಅದನ್ನು ಇನ್ನಷ್ಟು ಜನರಿಗೆ ಮುಟ್ಟಿಸುತ್ತದೆ. ಅವರ ವಾದವನ್ನು ಅವರೇ ಒಪ್ಪುವಷ್ಟು ನ್ಯಾಯವಾಗಿ ನಿನ್ನ ಮಾತಿನಲ್ಲಿ ಹೇಳಿ ಆಮೇಲೆ ಉತ್ತರಿಸು. ಇನ್‌ಸ್ಟಾಗ್ರಾಂನಲ್ಲಿ ಲೈಕಿನ ಸಂಖ್ಯೆ ಮುಚ್ಚಿಡುವ ಸೌಲಭ್ಯ 2021ರಿಂದಲೇ ಇದೆ. ಇವತ್ತೇ ಮುಚ್ಚು, ನೆಪ ಹೇಳಬೇಡ.

ಹೊಗಳಿಕೆ ಬಂದಾಗಲೂ ಇದೇ ನಿಯಮ. ಮೆಚ್ಚಿದವರು ಯಾವ ವಾಕ್ಯವನ್ನು ಮೆಚ್ಚಿದರು ಎಂದು ಕೇಳು. ಹೇಳಲು ಬಾರದಿದ್ದರೆ ಆ ಹೊಗಳಿಕೆಯ ಮೇಲೆ ಮುಂದಿನ ಲೇಖನ ಕಟ್ಟಬೇಡ.

ಗ್ರಂಥಾಲಯದ ಲೇಖನವನ್ನು ಐದನೇ ಪ್ಯಾರಾದಿಂದ ಶುರುಮಾಡಿ ಮತ್ತೆ ಬರೆ. ಎಲ್ಲೂ ಹಾಕದೆ ಮೊದಲು ನನಗೆ ಕಳಿಸು.

ನಿನ್ನ,
ಅಕ್ಕ