ಎಲ್ಲಾ ತಪ್ಪಿಗೂ ಸಂಸ್ಕೃತಿ ಮೇಲೆ ಗೂಬೆ ಕೂರಿಸೋದು ಬಿಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಆಗಾಗ ಒಂದು ತರದ ಲೇಖನ ಬರ್ತಾ ಇರುತ್ತೆ, ವಿದೇಶಿ ಕಂಪನಿ ಜೊತೆ ವ್ಯವಹಾರ ಮಾಡೋವಾಗ ಏನು ಮಾಡ್ಬೇಕು ಏನು ಮಾಡ್ಬಾರದು ಅಂತ. ಜಪಾನಿನವರು ವಿಸಿಟಿಂಗ್ ಕಾರ್ಡ್ ಕೊಟ್ರೆ ಎರಡೂ ಕೈಲಿ ತಗೊಳ್ಳಿ, ಚೀನಾದವರಿಗೆ ಗಡಿಯಾರ ಗಿಫ್ಟ್ ಕೊಡ್ಬೇಡಿ, ಜರ್ಮನಿಯಲ್ಲಿ ಐದು ನಿಮಿಷಾನೂ ಲೇಟ್ ಮಾಡ್ಬೇಡಿ, ಹೀಗೆ. ತಿಳ್ಕೊಂಡಿದ್ರೆ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಕಾರ್ಡನ್ನ ಒಂದೇ ಕೈಲಿ ತಗೊಂಡ ಅಂತ ಯಾವ ದೊಡ್ಡ ಡೀಲೂ ಮುರಿದು ಬಿದ್ದಿದ್ದು ನಾನಂತೂ ಕೇಳಿಲ್ಲ. ಹೊರಗಿನಿಂದ ಬಂದೋರು ಸಣ್ಣಪುಟ್ಟ ರೀತಿ ನೀತಿಲಿ ತಪ್ಪಿದ್ರೆ ಯಾವ ದೇಶದವರಾದ್ರೂ ನಕ್ಕು ಸುಮ್ಮನಾಗ್ತಾರೆ. ವ್ಯವಹಾರ ಕೆಡೋದು ಬೇರೆ ಕಡೆ, ಅದರ ಬಗ್ಗೆ ಬರೆಯೋರು ಕಮ್ಮಿ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಯ್ತು, ಕತ್ತರಿ ಹಾಕೋದು ನಿಮಗೆ ಬಿಟ್ಟಿದ್ದು.

ಮೊದಲನೇದು, ತೀರ್ಮಾನ ಯಾವಾಗ ಆಗುತ್ತೆ ಅನ್ನೋದೇ ಒಂದೊಂದು ಕಡೆ ಒಂದೊಂದು ತರ. ಜಪಾನಿನ ಹಳೇ ದೊಡ್ಡ ಕಂಪನಿಗಳಲ್ಲಿ ನೆಮವಾಶಿ ಅಂತ ಒಂದು ಪದ್ಧತಿ ಇದೆ, ಮೀಟಿಂಗ್‌ಗೆ ಮುಂಚೇನೇ ಸಂಬಂಧಪಟ್ಟ ಒಬ್ಬೊಬ್ಬರ ಹತ್ರಾನೂ ಹೋಗಿ ಮಾತಾಡಿ ಒಪ್ಪಿಸಿ ಇಟ್ಟಿರ್ತಾರೆ, ಆಮೇಲೆ ರಿಂಗಿ ಅಂತ ಒಂದು ಕಾಗದ ಕೆಳಗಿಂದ ಮೇಲಕ್ಕೆ ಮೊಹರು ಹಾಕಿಸ್ಕೊಂಡು ಹೋಗುತ್ತೆ. ಅಂದ್ರೆ ಮೀಟಿಂಗ್ ಅನ್ನೋದು ಆಗಿರೋ ತೀರ್ಮಾನಕ್ಕೆ ಎಲ್ಲರೂ ಕೂತು ಹೂಂ ಅನ್ನೋ ಜಾಗ. ಅಮೆರಿಕದಿಂದ ಬಂದವನು ಅದೇ ಮೀಟಿಂಗಲ್ಲಿ ಚರ್ಚೆ ಮಾಡಿ ಸಂಜೆ ಒಳಗೆ ಫೈನಲ್ ಮಾಡೋಣ ಅಂತ ಬಂದಿರ್ತಾನೆ, ಎದುರಿಗಿರೋರು ಸುಮ್ಮನೆ ನೋಟ್ಸ್ ಬರ್ಕೊಳ್ತಾ ಕೂತಿರ್ತಾರೆ. ಇವನಿಗೆ ಅವರು ನಿಧಾನ ಅನ್ಸುತ್ತೆ, ಅವರಿಗೆ ಇವನು ಹೋಂವರ್ಕ್ ಮಾಡದೆ ಬಂದವನು ಅನ್ಸುತ್ತೆ. ತಮಾಷೆ ಅಂದ್ರೆ ಒಮ್ಮೆ ಒಪ್ಪಿಗೆ ಆದ್ಮೇಲೆ ಅಲ್ಲಿ ಕೆಲಸ ಓಡುತ್ತೆ, ಯಾಕಂದ್ರೆ ಅಡ್ಡಗಾಲು ಹಾಕೋರನ್ನ ಮೊದಲೇ ಮಾತಾಡ್ಸಿ ಆಗಿರುತ್ತೆ. ಇನ್ನೊಂದು ಕಡೆ ಅರ್ಧ ದಿನದಲ್ಲಿ ತೀರ್ಮಾನ ಆಗಿ ಆರು ತಿಂಗಳು ಅದನ್ನ ಬದಲಾಯಿಸ್ತಾ ಕೂರ್ತಾರೆ. ಯಾವುದು ಸ್ಪೀಡು ಅಂತ ಹೇಳೋದು ಕಷ್ಟ.

ಎರಡನೇದು ಆಗಲ್ಲ ಅನ್ನೋದನ್ನ ಹೇಳೋ ರೀತಿ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲೇ ಇದನ್ನ ಬಿಡಿಸಿ ಹೇಳಿದ್ರು, ಕೆಲವು ಕಡೆ ವಿಷಯ ಎಲ್ಲಾ ಮಾತಲ್ಲೇ ಇರುತ್ತೆ, ಇನ್ನು ಕೆಲವು ಕಡೆ ಸಂದರ್ಭ, ಸಂಬಂಧ, ಮೌನ ಇವುಗಳಲ್ಲಿ ಇರುತ್ತೆ ಅಂತ. ಡಚ್ಚರು, ಜರ್ಮನ್ನರು ಎಲ್ಲರ ಎದುರೇ ಇದು ಸರಿಯಿಲ್ಲ ಅಂದುಬಿಡ್ತಾರೆ, ಮನಸ್ಸಲ್ಲಿ ಏನೂ ಇಟ್ಕೊಂಡಿರಲ್ಲ. ಅಮೆರಿಕನ್ನರು ತುಂಬಾ ನೇರ ಅಂತ ಹೆಸರು ಮಾಡಿದಾರೆ, ಆದ್ರೆ ಕೈಕೆಳಗಿನವರ ತಪ್ಪು ಹೇಳೋವಾಗ ಮೊದಲು ಎರಡು ಹೊಗಳಿಕೆ ಸೇರಿಸಿ ಹೇಳ್ತಾರೆ, ಅಂಥಾ ಮಾತು ಕೇಳಿದ ಜರ್ಮನ್ ಒಬ್ಬ ತನ್ನ ಕೆಲಸ ಚೆನ್ನಾಗಿದೆ ಅಂದ್ಕೊಂಡೇ ಮನೆಗೆ ಹೋಗಬಹುದು. ಇನ್ನು ಕೆಲವು ಕಡೆ ಎಲ್ಲಾನೂ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ, ನೋಡೋಣ, ಪ್ರಯತ್ನ ಮಾಡ್ತೀವಿ, ಸ್ವಲ್ಪ ಕಷ್ಟ ಆಗಬಹುದು. ಇದನ್ನ ಸುಳ್ಳು ಅಂತ ತಿಳ್ಕೊಳ್ಳೋದು ಮೂರ್ಖತನ, ಅಲ್ಲಿ ಬೆಳೆದವರಿಗೆ ಅದು ಸ್ಪಷ್ಟವಾದ ನಿರಾಕರಣೆ. ಡೆಡ್‌ಲೈನ್ ಹತ್ರ ಬಂದಾಗ ಎರಡೂ ಕಡೆಯವರು ಎಷ್ಟು ಸಲ ಹೇಳಿದ್ವಿ ಇವರಿಗೆ ಅಂತ ಒಬ್ಬರನ್ನೊಬ್ಬರು ಬೈಕೊಳ್ತಿರ್ತಾರೆ.

ಸರಿ, ಇಷ್ಟು ಓದಿದವರು ಓಹೋ ಹಂಗಾದ್ರೆ ದೇಶಕ್ಕೊಂದು ಪಟ್ಟಿ ಮಾಡಿಟ್ಕೊಳ್ಳೋಣ ಅಂತಾರೆ, ನನ್ನ ತಕರಾರು ಶುರು ಆಗೋದೇ ಇಲ್ಲಿಂದ. ಕಂಪನಿಗಳು ಟ್ರೈನಿಂಗ್ ಅಂತ ಮಾಡೋದು ಇದನ್ನೇ. ಒಂದು ಸ್ಲೈಡಲ್ಲಿ ಬಾವುಟ, ಪಕ್ಕದಲ್ಲಿ ಆ ದೇಶದ ಜನ ಬಾಸ್‌ಗೆ ಎಷ್ಟು ತಗ್ಗಿ ನಡೀತಾರೆ ಅನ್ನೋ ತರದ ಅಂಕಿ. ಆ ಅಂಕಿಗಳೆಲ್ಲಾ ಹೆಚ್ಚಾಗಿ ಬಂದಿರೋದು ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಅವರಿಂದ, 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರಿಗೆ ಕೊಟ್ಟ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳಿಂದ ತೆಗೆದ ಲೆಕ್ಕ ಅದು. ದೊಡ್ಡ ಕೆಲಸಾನೇ, ಗೌರವ ಇದೆ. ಆದ್ರೆ ಅದು ಐವತ್ತು ವರ್ಷ ಹಿಂದೆ ಒಂದೇ ಕಂಪನಿಯಲ್ಲಿ ಕೆಲಸ ಮಾಡ್ತಿದ್ದವರ ಸರಾಸರಿ, ಇವತ್ತು ನಿಮ್ಮ ಎದುರು ಸ್ಕ್ರೀನಲ್ಲಿ ಕೂತಿರೋ ಇಪ್ಪತ್ತೆಂಟು ವರ್ಷದ ಎಂಜಿನಿಯರ್ ಹೇಗೆ ಯೋಚಿಸ್ತಾಳೆ ಅಂತ ಅದು ಹೇಳಲ್ಲ, ಹೀಗೆ ಒಬ್ಬೊಬ್ಬ ವ್ಯಕ್ತಿಗೆ ಅಂಟಿಸಬೇಡಿ ಅಂತ ಹಾಫ್‌ಸ್ಟೆಡ್ಡೇ ಎಚ್ಚರಿಸಿದ್ರು. 2002ರಲ್ಲಿ ಬ್ರೆಂಡನ್ ಮ್ಯಾಕ್‌ಸ್ವೀನಿ ಅನ್ನೋ ವಿದ್ವಾಂಸರು ಒಂದು ಕಂಪನಿಯ ಜನರನ್ನ ಕೇಳಿ ಇಡೀ ದೇಶದ ಬಗ್ಗೆ ಹೇಳೋದು ಹೇಗೆ ಸಾಧ್ಯ ಅಂತ ಬುಡಕ್ಕೇ ಕೈ ಹಾಕಿದ್ರು. ಟ್ರೈನಿಂಗ್ ಕೊಡೋರು ಇದ್ಯಾವುದನ್ನೂ ಸ್ಲೈಡಲ್ಲಿ ಹಾಕಲ್ಲ.

ಪಟ್ಟಿ ಎಷ್ಟು ದಾರಿ ತಪ್ಪಿಸುತ್ತೆ ಅನ್ನೋದಕ್ಕೆ ವಿಮಾನದ ಉದಾಹರಣೆ ಕೊಡ್ತೀನಿ. 1997ರ ಆಗಸ್ಟಲ್ಲಿ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಕೊರಿಯನ್ ಏರ್ ವಿಮಾನ ಬಿದ್ದು 228 ಜನ ಸತ್ರು. ಕೊರಿಯಾದಲ್ಲಿ ಹಿರಿಯರಿಗೆ ಎದುರಾಡಲ್ಲ, ಅದಕ್ಕೇ ಕೋ-ಪೈಲಟ್ ಕ್ಯಾಪ್ಟನ್‌ನ ತಡೀಲಿಲ್ಲ, ಇದು ಸಂಸ್ಕೃತಿ ಕಥೆ ಅಂತ ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಪದೇ ಪದೇ ಬರುತ್ತೆ. ಹಾಗಾದ್ರೆ 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಏನಾಯ್ತು? ಮಂಜು ತುಂಬಿದ ರನ್‌ವೇ ಮೇಲೆ ಎರಡು ಜಂಬೋ ಜೆಟ್ ಡಿಕ್ಕಿ ಹೊಡೆದು 583 ಜನ ಸತ್ತಿದ್ದು. ಟೇಕಾಫ್ ಶುರು ಮಾಡಿದ್ದು ಡಚ್ ವಿಮಾನ ಕಂಪನಿ ಕೆಎಲ್‌ಎಂನ ಕ್ಯಾಪ್ಟನ್, ಅವನೂ ಡಚ್ಚರವನು, ಕಂಪನಿಯ ಹಿರಿಯ ಇನ್‌ಸ್ಟ್ರಕ್ಟರ್. ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ಫ್ಲೈಟ್ ಎಂಜಿನಿಯರ್ ಅನುಮಾನ ಪಟ್ಟು ಕೇಳಿದ, ಕ್ಯಾಪ್ಟನ್ ಖಡಾಖಂಡಿತವಾಗಿ ಬಿಟ್ಟಿದೆ ಅಂದ, ಅಲ್ಲಿಗೆ ಮಾತು ಮುಗೀತು. ಪಟ್ಟಿ ಪ್ರಕಾರ ಡಚ್ಚರು ಬಾಸ್‌ಗೆ ಹೆದರದ ಜನ. ಮರುವರ್ಷ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ರ ಯುನೈಟೆಡ್ ವಿಮಾನ ಇಂಧನ ಖಾಲಿಯಾಗಿ ಬಿತ್ತು, ಅಲ್ಲೂ ಸಿಬ್ಬಂದಿ ಇಂಧನದ ಬಗ್ಗೆ ಹೇಳಿದ್ದು ಕ್ಯಾಪ್ಟನ್ ತಲೆಗೆ ಹೋಗಿರಲಿಲ್ಲ. ಅಲ್ಲೆಲ್ಲಾ ಯಾರೂ ಸಂಸ್ಕೃತಿ ಅಂತ ಹೇಳಿ ಕೈತೊಳ್ಕೊಳ್ಳಲಿಲ್ಲ, ಕಾಕ್‌ಪಿಟ್ಟಲ್ಲಿ ಕಿರಿಯರು ಹೇಗೆ ಎಚ್ಚರಿಸ್ಬೇಕು, ಹಿರಿಯರು ಹೇಗೆ ಕೇಳಿಸ್ಕೊಳ್ಳಬೇಕು ಅಂತ ತರಬೇತಿ ಶುರು ಮಾಡಿದ್ರು. ಕೊರಿಯನ್ ಏರ್ ಕೂಡ 2000ದಲ್ಲಿ ಅಮೆರಿಕದ ಡೆಲ್ಟಾ ವಿಮಾನ ಕಂಪನಿಯಿಂದ ಡೇವಿಡ್ ಗ್ರೀನ್‌ಬರ್ಗ್ ಅನ್ನೋರನ್ನ ಕರೆಸಿ ತರಬೇತಿ, ಭಾಷೆ, ಪ್ರಮೋಷನ್ ರೀತಿ ಎಲ್ಲಾ ಸರಿ ಮಾಡ್ತು, ಸುರಕ್ಷತೆ ಸುಧಾರಿಸ್ತು. ಪೈಲಟ್‌ಗಳು ಕೊರಿಯನ್ನರಾಗೇ ಉಳಿದ್ರು, ಬದಲಾಗಿದ್ದು ಕೆಲಸದ ನಿಯಮ.

ವ್ಯಾಪಾರದ ಕಥೆಗಳೂ ಹಿಂಗೇನೇ. ವಾಲ್‌ಮಾರ್ಟ್ 1997ರ ಕೊನೆಗೆ ಜರ್ಮನಿಗೆ ಹೋಗಿ 2006ರಲ್ಲಿ 85 ಅಂಗಡಿಗಳನ್ನ ಅಲ್ಲಿನದೇ ಮೆಟ್ರೋ ಅನ್ನೋ ಅಂಗಡಿ ಕಂಪನಿಗೆ ಮಾರಿ, ಸುಮಾರು 100 ಕೋಟಿ ಡಾಲರ್ ನಷ್ಟ ತಗೊಂಡು ವಾಪಸ್ ಬಂತು. ಯಾಕೆ ಅಂತ ಕೇಳಿದ್ರೆ ಎಲ್ಲರೂ ಹೇಳೋದು ಒಂದೇ ಕಥೆ, ಕೌಂಟರಲ್ಲಿ ಕೂತವರು ನಗೋದು ಜರ್ಮನ್ನರಿಗೆ ಇಷ್ಟ ಆಗ್ಲಿಲ್ಲ ಅಂತ. ಕೇಳೋಕೆ ಮಜಾ ಇದೆ. ಆದ್ರೆ ಆಲ್ಡಿ, ಲಿಡ್ಲ್ ಅನ್ನೋ ಅಲ್ಲಿನ ಅಗ್ಗದ ಅಂಗಡಿಗಳು ಅಷ್ಟೊತ್ತಿಗೇ ಅದಕ್ಕಿಂತ ಕಮ್ಮಿ ಬೆಲೆಗೆ ಮಾರ್ತಾ ಇದ್ರು, 2000ದಲ್ಲಿ ಜರ್ಮನಿಯ ಸ್ಪರ್ಧಾ ನಿಯಂತ್ರಣ ಸಂಸ್ಥೆ ಖರೀದಿ ಬೆಲೆಗಿಂತ ಕಮ್ಮಿಗೆ ಮಾರ್ತಿದ್ದೀರಿ, ಕೆಲವು ಸಾಮಾನಿನ ಬೆಲೆ ಏರಿಸಿ ಅಂತ ವಾಲ್‌ಮಾರ್ಟ್ ಸೇರಿ ಕೆಲವು ಸಂಸ್ಥೆಗಳಿಗೆ ಆದೇಶ ಮಾಡ್ತು, ನೌಕರರ ಮಂಡಳಿಯನ್ನ ಕೇಳದೆ ನಡತೆ ನಿಯಮ ಹೇರಿದ್ದು ತಪ್ಪು ಅಂತ 2005ರಲ್ಲಿ ವುಪ್ಪರ್ಟಾಲ್ ಕಾರ್ಮಿಕ ಕೋರ್ಟ್ ಹೇಳ್ತು. ಕಾನೂನು ಓದದೆ ಹೋಗಿದ್ದಕ್ಕೆ ನಗುವಿನ ಕಥೆ ಕಟ್ಟಿದ್ರೆ ಯಾರ ಹೊಣೆಯೂ ಇರಲ್ಲ ನೋಡಿ. ಜರ್ಮನಿಯ ಕಾರು ಕಂಪನಿ ಡೈಮ್ಲರ್ ಮತ್ತೆ ಅಮೆರಿಕದ ಕ್ರೈಸ್ಲರ್ 1998ರಲ್ಲಿ ಸುಮಾರು 3600 ಕೋಟಿ ಡಾಲರಿಗೆ ಒಂದಾದಾಗ ಸಮಾನರ ವಿಲೀನ ಅಂತ ಹೇಳಿದ್ರು, ಎರಡು ವರ್ಷ ಆಗೋಷ್ಟರಲ್ಲಿ ಡೈಮ್ಲರ್ ಮುಖ್ಯಸ್ಥ ಯೂರ್ಗನ್ ಶ್ರೆಂಪ್ ಅವರೇ ಕ್ರೈಸ್ಲರನ್ನ ಒಂದು ವಿಭಾಗ ಮಾಡೋದೇ ತಮ್ಮ ಮೂಲ ಉದ್ದೇಶ ಆಗಿತ್ತು ಅನ್ನೋ ಅರ್ಥದಲ್ಲಿ ಪತ್ರಿಕೆಗೆ ಹೇಳಿದ್ರು. 2007ರಲ್ಲಿ ಕ್ರೈಸ್ಲರ್‌ನ ಶೇ 80.1 ಪಾಲನ್ನ ಮಾರಿದ್ರು. ಇದನ್ನೂ ಜರ್ಮನ್ ಶಿಸ್ತು ಅಮೆರಿಕನ್ ಸಡಿಲತೆ ಜಗಳ ಅಂತ ಪಾಠ ಮಾಡ್ತಾರೆ. ಸ್ವಲ್ಪ ಇತ್ತು ಇರಬಹುದು. ಆದ್ರೆ ಸಮಾನ ಅಂತ ನಂಬಿಸಿ ಆಮೇಲೆ ಹಾಗಲ್ಲ ಅಂದ್ರೆ ಒಂದೇ ಊರಿನ ಅಣ್ಣತಮ್ಮಂದಿರೂ ಸಿಟ್ಟಾಗ್ತಾರೆ.

ಇನ್ನೂ ಕೆಟ್ಟದ್ದು ಅಂದ್ರೆ ಸಂಸ್ಕೃತಿ ಹೆಸರಲ್ಲಿ ಲಂಚ. ಅಲ್ಲಿ ಹಂಗೇ ಸ್ವಾಮಿ, ಕೊಡದೆ ಏನೂ ನಡೆಯಲ್ಲ, ಅದು ಅವರ ಪದ್ಧತಿ. ಪಾಶ್ಚಾತ್ಯ ಕಂಪನಿಗಳು ವರ್ಷಾನುಗಟ್ಟಲೆ ಇದೇ ರಾಗ ಹಾಡಿದ್ವು. ಜರ್ಮನಿಯಲ್ಲಂತೂ ವಿದೇಶದಲ್ಲಿ ಕೊಟ್ಟ ಲಂಚವನ್ನ ಖರ್ಚು ಅಂತ ತೋರಿಸಿ ತೆರಿಗೆಯಲ್ಲಿ ಕಳೆಯೋಕೆ 1999ರ ತನಕ ಅವಕಾಶ ಇತ್ತು, ಹಾಗಾದ್ರೆ ಅದು ಯಾರ ಪದ್ಧತಿ? ಅಮೆರಿಕ 1977ರಲ್ಲೇ ಇದರ ವಿರುದ್ಧ ಕಾಯ್ದೆ ಮಾಡಿತ್ತು, 2008ರಲ್ಲಿ ಜರ್ಮನಿಯ ಸೀಮೆನ್ಸ್ ಕಂಪನಿ ಲಂಚದ ಕೇಸಲ್ಲಿ ಅಮೆರಿಕ ಮತ್ತೆ ಜರ್ಮನಿ ಎರಡೂ ಕಡೆ ಸೇರಿ ಸುಮಾರು 160 ಕೋಟಿ ಡಾಲರ್ ದಂಡ ಕಟ್ಟಬೇಕಾಯ್ತು. ಕೋರ್ಟಿನ ಮುಂದೆ ಅವರ ಸಂಸ್ಕೃತಿ ಹಂಗಿದೆ ಅನ್ನೋ ವಾದ ನಡೆಯಲ್ಲ.

ಇನ್ನು ಹೊಂದಾಣಿಕೆ, ಹೊಂದಾಣಿಕೆ ಅಂತಾರಲ್ಲ, ಹೊಂದ್ಕೊಳ್ಳೋರು ಯಾರು ಅಂತ ಯಾರೂ ಕೇಳಲ್ಲ. ದುಡ್ಡು ಕೊಡೋರು ಯಾವ ಕಡೆ ಇದಾರೋ ಆ ಕಡೆ ಹಗಲಲ್ಲಿ ಮೀಟಿಂಗ್, ಕೆಲಸ ಮಾಡೋರ ಕಡೆ ನಡುರಾತ್ರಿ. ವರ್ಷ ಪೂರ್ತಿ ಒಂದೇ ಕಡೆಯವರು ನಿದ್ದೆಗೆಟ್ಟು ಕೂತಿರ್ತಾರೆ, ಆಮೇಲೆ ಆ ಟೀಮಿನವರು ಕಾಲ್‌ನಲ್ಲಿ ಮಾತೇ ಆಡಲ್ಲ, ಅವರ ಸಂಸ್ಕೃತಿಯೇ ಹಾಗೆ, ಸಂಕೋಚ ಜಾಸ್ತಿ ಅಂತ ವರದಿ! ಭಾಷೆ ವಿಷಯಾನೂ ಅಷ್ಟೇ. ಜಪಾನಿನ ಆನ್‌ಲೈನ್ ವ್ಯಾಪಾರದ ಕಂಪನಿ ರಾಕುಟೆನ್ 2010ರಲ್ಲಿ ಕಂಪನಿಯ ಒಳಗಿನ ಕೆಲಸ ಎಲ್ಲಾ ಇಂಗ್ಲಿಷಲ್ಲಿ ಅಂತ ಘೋಷಿಸಿ ಎರಡು ವರ್ಷದಲ್ಲಿ ಜಾರಿಗೆ ತಂತು, ಧೈರ್ಯದ ಕೆಲಸ, ಬೇರೆ ದೇಶದವರನ್ನ ಕೆಲಸಕ್ಕೆ ತಗೊಳ್ಳೋಕೆ ಅನುಕೂಲ ಆಯ್ತು ನಿಜ. ಆದ್ರೆ ಎಲ್ಲರೂ ಇಂಗ್ಲಿಷಲ್ಲಿ ಅಂದ ತಕ್ಷಣ ಇಂಗ್ಲಿಷ್ ಚೆನ್ನಾಗಿ ಬರೋನು ಬುದ್ಧಿವಂತನ ತರ ಕಾಣ್ತಾನೆ, ಕೆಲಸ ಗೊತ್ತಿರೋನು ವಾಕ್ಯ ಹುಡುಕ್ತಾ ಕೂತಿರ್ತಾನೆ. ಅವನಿಗೆ ಮುಂಚೇನೇ ವಿಷಯ ಬರೆದು ಕಳಿಸಿದ್ರೆ, ಉತ್ತರಾನೂ ಬರೆದೇ ಕೊಡಿ ಅಂದ್ರೆ, ಅದೇ ಮನುಷ್ಯ ಎರಡು ಪುಟ ಸರಿಯಾದ ಆಕ್ಷೇಪ ಬರೆದು ಕೊಡ್ತಾನೆ. ನಾನು ಬೇರೆ ಬೇರೆ ದೇಶದವರ ಜೊತೆ ಕಾಲ್‌ಗಳಲ್ಲೇ ದಿನ ಕಳೆಯೋನು, ಇದನ್ನ ಕಣ್ಣಾರೆ ಕಂಡು ಹೇಳ್ತಿದೀನಿ.

ಉಪಯೋಗಕ್ಕೆ ಬರೋದೆಲ್ಲಾ ಇಂಥ ಬೋರ್ ಹೊಡೆಸೋ ಕೆಲಸಗಳೇ. ಮೀಟಿಂಗ್ ಸಮಯ ಸರದಿ ಪ್ರಕಾರ ಬದಲಾಯಿಸೋದು. ಮೀಟಿಂಗ್ ಮುಗಿದ ದಿನವೇ ಏನು ತೀರ್ಮಾನ ಆಯ್ತು, ಏನು ಆಗ್ಲಿಲ್ಲ, ಯಾರು ಯಾವತ್ತೊಳಗೆ ಮಾಡ್ತಾರೆ ಅಂತ ಬರೆದು ಕಳಿಸೋದು, ನೋಡೋಣ ಅಂದವರನ್ನ ಆಮೇಲೆ ಒಬ್ಬರೇ ಇದ್ದಾಗ ಫೋನ್ ಮಾಡಿ ಕೇಳೋದು. ಆಗುತ್ತಾ ಅಂತ ಕೇಳೋ ಬದಲು ಇದಕ್ಕೆ ಏನೇನು ಅಡ್ಡ ಬರಬಹುದು ಅಂತ ಕೇಳಿದ್ರೆ, ಆಗಲ್ಲ ಅನ್ನೋಕೆ ಮುಜುಗರ ಪಡೋರೂ ಅಡ್ಡಿಗಳ ಪಟ್ಟಿ ಕೊಡ್ತಾರೆ. ದಿನಾಂಕ ಬರೆಯೋವಾಗ ತಿಂಗಳ ಹೆಸರು ಬರೆಯೋದು, 03/04 ಅಂದ್ರೆ ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್ನಲ್ಲಿ ಏಪ್ರಿಲ್ 3. ಜರ್ಮನಿಯಲ್ಲಿ 1.500 ಅಂದ್ರೆ ಸಾವಿರದ ಐನೂರು, ಒಂದೂವರೆ ಅಲ್ಲ. ರಜೆ ಕ್ಯಾಲೆಂಡರ್ ನೋಡೋದು, ಸೌದಿಯಲ್ಲಿ 2013ರಿಂದ ವಾರದ ರಜೆ ಶುಕ್ರವಾರ ಶನಿವಾರ, ಪಕ್ಕದ ಯುಎಇ 2022ರಿಂದ ಶನಿವಾರ ಭಾನುವಾರಕ್ಕೆ ಬಂದು ಶುಕ್ರವಾರ ಅರ್ಧ ದಿನ ಮಾಡ್ತು, ಎರಡೂ ಗಲ್ಫ್ ತಾನೇ ಅಂತ ಒಂದೇ ಲೆಕ್ಕ ಹಿಡಿದ್ರೆ ಆಯ್ತು ಕಥೆ.

ಕೊನೇದಾಗಿ ಅಧಿಕಾರದ ವಿಷಯ. ಡಿಸ್ನಿ 1992ರಲ್ಲಿ ಪ್ಯಾರಿಸ್ ಹತ್ರ ಪಾರ್ಕ್ ತೆರೆದಾಗ ಒಳಗೆ ವೈನ್ ಕೊಡ್ತಿರಲಿಲ್ಲ, ಮರುವರ್ಷ ಕೊಡೋಕೆ ಶುರು ಮಾಡಿದ್ರು. ಈ ವೈನ್ ಕಥೆ ಎಲ್ಲರಿಗೂ ಗೊತ್ತು, ಮೈಮೇಲೆ ಎಳ್ಕೊಂಡಿದ್ದ ದೊಡ್ಡ ಸಾಲದ ಕಥೆ ಯಾರೂ ಹೇಳಲ್ಲ. ಅದಕ್ಕೂ ಮುಂಚೆ 1983ರಲ್ಲಿ ಟೋಕಿಯೋ ಪಾರ್ಕ್ ಶುರುವಾಗಿತ್ತು, ಅದರ ಮಾಲೀಕರು ಜಪಾನಿನ ಓರಿಯೆಂಟಲ್ ಲ್ಯಾಂಡ್ ಕಂಪನಿ, ಡಿಸ್ನಿಗೆ ರಾಯಲ್ಟಿ. ಜಪಾನೀಕರಣ ಮಾಡ್ಬೇಡಿ, ಅಮೆರಿಕದಲ್ಲಿ ಇದ್ದಂಗೇ ಕಟ್ಟಿಕೊಡಿ ಅಂತ ಆ ಕಡೆಯವರೇ ಕೇಳಿದ್ರು, ಭರ್ಜರಿಯಾಗಿ ಓಡ್ತು. ಏನು ಬೇಕು ಅಂತ ತೀರ್ಮಾನ ಮಾಡೋರು ಅಲ್ಲಿಯವರೇ ಆಗಿದ್ರಿಂದ, ಅಲ್ಲಿನ ಜನಕ್ಕೆ ಏನು ಹಿಡಿಸುತ್ತೆ ಅಂತ ದೂರದಲ್ಲಿ ಕೂತು ಊಹೆ ಮಾಡೋ ತಾಪತ್ರಯಾನೇ ಇರಲಿಲ್ಲ. ಹಾಗಾಗಿ ಯಾವುದಾದ್ರೂ ಕಂಪನಿ ನಾವು ಎಲ್ಲಾ ಸಂಸ್ಕೃತಿಗಳನ್ನೂ ಗೌರವಿಸ್ತೀವಿ ಅಂತ ನಿಮ್ಮ ವರದಿಗಾರರಿಗೆ ಹೇಳಿದಾಗ, ಬೇರೆ ದೇಶದ ನಿಮ್ಮ ಆಫೀಸಿನ ಮುಖ್ಯಸ್ಥರು ಹೆಡ್ ಆಫೀಸ್ ಕೇಳದೆ ಎಷ್ಟು ಮೊತ್ತದವರೆಗೆ ಸಹಿ ಹಾಕಬಹುದು, ಬೆಲೆ ಬದಲಾಯಿಸಬಹುದಾ, ಕೆಲಸಕ್ಕೆ ಜನ ತಗೋಬಹುದಾ ಅಂತ ಕೇಳಿ ನೋಡಿ. ಬಂದ ಉತ್ತರಾನ ಹಂಗೇ ಅಚ್ಚು ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ